ಖಾಲಿ ಕಟ್ಟಡ ಹಾಸ್ಪೈಸ್ ಆಗಬೇಕಾದರೆ ಮೊದಲು ಮಂಚ ತಿರುಗಬೇಕು

ಹಾಸ್ಪೈಸ್‌ಗೆ ಆಪರೇಷನ್ ಥಿಯೇಟರ್ ಬೇಡ. ಐಸಿಯು ಬೇಡ. ಸಿಟಿ ಸ್ಕ್ಯಾನ್ ಯಂತ್ರ, ಅದನ್ನು ಹೊರುವ ಗಟ್ಟಿ ನೆಲ, ಎಕ್ಸ್‌ರೇ ಕೋಣೆಯ ಸೀಸದ ಗೋಡೆ, ಯಾವುದೂ ಬೇಡ. ವಾಸಿಯಾಗದ ಕಾಯಿಲೆಯ ಕೊನೆಯ ಹಂತದಲ್ಲಿರುವವರು ಆದಷ್ಟು ನೋವಿಲ್ಲದೆ, ತಮ್ಮವರ ಜೊತೆ ಇರಲು ಒಂದು ಜಾಗ ಅದು. ಬೇಕಾದ್ದು ಮಂಚ, ಕಿಟಕಿ, ಪಕ್ಕದಲ್ಲೇ ಬಚ್ಚಲುಮನೆ, ರಾತ್ರಿ ಉಳಿಯುವವರಿಗೆ ಮಲಗಲು ಸ್ಥಳ, ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿ ಒಬ್ಬ ನರ್ಸ್. ಇಷ್ಟಕ್ಕೆ ಹೊಸದಾಗಿ ಪಾಯ ತೋಡಬೇಕಾ?

ಈ ಪ್ರಶ್ನೆ ಸುಮ್ನೆ ಎದ್ದಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ವರ್ಷಕ್ಕೆ 5.68 ಕೋಟಿ ಜನರಿಗೆ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ ಬೇಕು. ಅವರಲ್ಲಿ 2.57 ಕೋಟಿ ಜನ ಬದುಕಿನ ಕೊನೆಯ ವರ್ಷದಲ್ಲಿರುವವರು. ಆರೈಕೆ ಸಿಗುತ್ತಿರುವುದು ಸುಮಾರು ಶೇ 14ರಷ್ಟು ಜನರಿಗೆ ಮಾತ್ರ. 65 ದಾಟಿದವರ ಪಾಲು 2022ರಲ್ಲಿ ಜಗತ್ತಿನ ಜನಸಂಖ್ಯೆಯ ಶೇ 10ರಷ್ಟಿತ್ತು. 2050ಕ್ಕೆ ಅದು ಶೇ 16 ಆಗಲಿದೆ ಎನ್ನುತ್ತದೆ ವಿಶ್ವಸಂಸ್ಥೆ. ಇದೇ ಹೊತ್ತಿಗೆ ಕಟ್ಟಡಗಳು ಖಾಲಿ ಬೀಳುತ್ತಿವೆ. ಅಮೆರಿಕದ ದೊಡ್ಡ ನಗರಗಳಲ್ಲಿ 2024ರ ಹೊತ್ತಿಗೆ ಆಫೀಸ್ ಜಾಗದಲ್ಲಿ ಸುಮಾರು ಐದನೇ ಒಂದು ಪಾಲಿಗೆ ಬಾಡಿಗೆದಾರರಿರಲಿಲ್ಲ. ಜಪಾನಿನಲ್ಲಿ ಮಕ್ಕಳಿಲ್ಲದೆ ಪ್ರತಿ ವರ್ಷ ನೂರಾರು ಶಾಲೆಗಳು ಬಾಗಿಲು ಹಾಕುತ್ತಿವೆ.

ಎರಡನ್ನೂ ಸೇರಿಸಿಬಿಟ್ಟರೆ ಆಯಿತು ಅನ್ನಿಸುವುದು ಸಹಜ. ಆದರೆ ಖಾಲಿ ಇರುವ ಕಟ್ಟಡವೆಲ್ಲ ಹಾಸ್ಪೈಸ್‌ಗೆ ಒದಗುವುದಿಲ್ಲ. ನನ್ನ ಮಟ್ಟಿಗೆ, ಆರೋಗ್ಯಕ್ಕೆ ಸಂಬಂಧಪಟ್ಟ ಕಟ್ಟಡಗಳಲ್ಲಿ ಹಳೆಯ ಗೋಡೆಗಳೊಳಗೆ ಸಲೀಸಾಗಿ ಕೂರುವುದೆಂದರೆ ಹಾಸ್ಪೈಸ್. ಹಳೆಯ ಕಟ್ಟಡವನ್ನು ಹಸಿರು ಹಾಸ್ಪೈಸ್ ಮಾಡಹೊರಟ ಯೋಜನೆಗಳು ಕೈಕೊಡುವುದು ಸೋಲಾರ್ ಪ್ಯಾನೆಲ್ ಕಮ್ಮಿ ಆಗಿದ್ದಕ್ಕಲ್ಲ, ಶುರುವಿನಲ್ಲೇ ತಪ್ಪು ಕಟ್ಟಡ ಆರಿಸಿಕೊಂಡಿದ್ದಕ್ಕೆ.

ಐಡಿಯಾ ಏನೂ ಹೊಸದಲ್ಲ. ಡಬ್ಲಿನ್‌ನ ಹೆರಾಲ್ಡ್ಸ್ ಕ್ರಾಸ್‌ನಲ್ಲಿ 1879ರಲ್ಲಿ ಶುರುವಾದ ಅವರ್ ಲೇಡೀಸ್ ಹಾಸ್ಪೈಸ್‌ನ ಮನೆ ಅದಕ್ಕೂ ಮೊದಲು ಕ್ರೈಸ್ತ ಸನ್ಯಾಸಿನಿಯರ ಮಠವಾಗಿತ್ತು. ಏಡ್ಸ್ ಅಂದರೆ ಜನ ಹತ್ತಿರ ಸುಳಿಯದಿದ್ದ 1986ರಲ್ಲಿ, ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನ ಒಂದು ಹಳೆಯ ವಸತಿ ಹೋಟೆಲ್ ಏಡ್ಸ್ ರೋಗಿಗಳ ಆಸರೆಮನೆಯಾಯಿತು. ಹೆಸರು ಬೇಲಿ-ಹೋಲ್ಟ್ ಹೌಸ್. ಟೊರಾಂಟೊದ ಕೇಸಿ ಹೌಸ್ ಎಂಬ ಹಾಸ್ಪೈಸ್ 1988ರಲ್ಲಿ ಶುರುವಾದದ್ದೂ ಒಂದು ಮನೆಯಲ್ಲಿ. ಅದು 2017ರಲ್ಲಿ ದೊಡ್ಡದಾದಾಗ 1875ರ ಒಂದು ಬಂಗಲೆಯನ್ನು ಉಳಿಸಿಕೊಂಡು, ಪಕ್ಕಕ್ಕೆ ಹೊಸ ಭಾಗ ಜೋಡಿಸಿ, ನಡುವೆ ಅಂಗಳ ಬಿಟ್ಟರು. ಹಾಸಿಗೆಗಳು 14. ಈ ಕೊನೆಯ ಉದಾಹರಣೆ ನನಗೆ ಜಾಸ್ತಿ ಇಷ್ಟ. ಬೇಕಾದ್ದನ್ನೆಲ್ಲ ಹಳೆಯದರೊಳಗೇ ತುರುಕುವ ಹಟ ಅಲ್ಲಿಲ್ಲ. ಹಳೆಯದು ಮಾಡಬಹುದಾದ್ದನ್ನು ಅದಕ್ಕೆ ಬಿಟ್ಟು, ಆಗದ್ದನ್ನು ಪಕ್ಕದಲ್ಲಿ ಕಟ್ಟಿದ್ದಾರೆ.

ಆಧುನಿಕ ಹಾಸ್ಪೈಸ್‌ಗೆ ದಾರಿ ಹಾಕಿಕೊಟ್ಟ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಅನ್ನು ಹೊಸದಾಗಿಯೇ ಕಟ್ಟಿಸಿದರು ಅನ್ನುವುದನ್ನೂ ಇಲ್ಲಿ ಹೇಳಬೇಕು. ಆರೈಕೆಯ ಜೊತೆ ಪಾಠ, ಸಂಶೋಧನೆ ಎಲ್ಲವೂ ಒಂದೇ ಕಡೆ ನಡೆಯಬೇಕೆಂಬುದು ಅವರ ಯೋಚನೆಯಾಗಿತ್ತು. ಆದರೆ ನೋವು ಬರೀ ಮೈಯದ್ದಲ್ಲ, ಮನಸ್ಸಿನದ್ದು, ಸಂಬಂಧಗಳದ್ದು, ನಂಬಿಕೆಯದ್ದೂ ಹೌದು ಎಂಬ ಅವರ ಮಾತಿಗೆ ಹೊಸ ಕಟ್ಟಡವೇ ಬೇಕೆಂದಿಲ್ಲ, ಅಲ್ವಾ?

ಒಡೆಯದಿದ್ದರೆ ಉಳಿಯುವುದೆಷ್ಟು?

ಹಸಿರು ಕಟ್ಟಡ ಅಂದಕೂಡಲೇ ಕಣ್ಣ ಮುಂದೆ ಬರುವುದು ಚಾವಣಿಯ ಮೇಲಿನ ಸೋಲಾರ್ ಪ್ಯಾನೆಲ್. ದೊಡ್ಡ ಲೆಕ್ಕ ಇರುವುದು ಕೆಳಗೆ. ಜಗತ್ತಿನಲ್ಲಿ ಇಂಧನ ಮತ್ತು ಉತ್ಪಾದನೆಯಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 37 ಕಟ್ಟಡಗಳು ಮತ್ತು ನಿರ್ಮಾಣದಿಂದ ಬರುತ್ತದೆ. ಸಿಮೆಂಟ್ ಒಂದರದ್ದೇ ಶೇ 7–8. ಹೊಸ ಕಟ್ಟಡ ಕಟ್ಟುವಾಗ ಇದರಲ್ಲಿ ದೊಡ್ಡ ಪಾಲು ಪಾಯ, ಕಂಬ, ತೊಲೆ, ಸ್ಲ್ಯಾಬ್‌ಗಳಿಗೇ ಹೋಗುತ್ತದೆ. ಹಳೆಯ ಕಟ್ಟಡದಲ್ಲಿ ಅದೆಲ್ಲ ಎಂದೋ ಖರ್ಚಾಗಿಹೋಗಿದೆ. ಒಡೆದರೆ ಆ ಖರ್ಚು ದಂಡ. ಅದೇ ಖರ್ಚನ್ನು ಮತ್ತೆ ಮಾಡಬೇಕು.

2011ರಲ್ಲಿ ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ ಒಂದು ಅಧ್ಯಯನ ಹೊರತಂದಿತು. ಹಳೆಯದಕ್ಕಿಂತ ಶೇ 30ರಷ್ಟು ಕಡಿಮೆ ಇಂಧನ ಉಣ್ಣುವ ಹೊಸ ಕಟ್ಟಡ ಕಟ್ಟಿದರೂ, ಕಟ್ಟುವಾಗ ವಾತಾವರಣಕ್ಕೆ ಮಾಡಿದ ಹಾನಿಯನ್ನು ಆ ಉಳಿತಾಯದಿಂದ ತುಂಬಿಕೊಳ್ಳಲು 10ರಿಂದ 80 ವರ್ಷ ಬೇಕು ಎಂದು ಅದು ಲೆಕ್ಕ ಹಾಕಿತ್ತು. ಹಾಗಂತ ಸೋರುವ ಕಿಟಕಿ, ಕಾಯುವ ಚಾವಣಿ ಇಟ್ಟುಕೊಂಡು ಎಸಿ ಓಡಿಸುತ್ತಾ ಕೂತರೆ ಆ ಲಾಭವೂ ಕರಗುತ್ತದೆ. ಅಸ್ಥಿಪಂಜರ ಉಳಿಸಿಕೊಳ್ಳಿ, ಚರ್ಮ ಸರಿಮಾಡಿ. ಸೂತ್ರ ಇಷ್ಟೇ.

ಇದನ್ನು ಚೆನ್ನಾಗಿ ಮಾಡಿ ತೋರಿಸಿದವರು ಫ್ರಾನ್ಸಿನ ವಾಸ್ತುಶಿಲ್ಪಿಗಳಾದ ಆನ್ ಲಕಾತೊನ್ ಮತ್ತು ಜಾನ್-ಫಿಲಿಪ್ ವಸಾಲ್. ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ 2021ರಲ್ಲಿ ಇವರಿಗೆ ಬಂತು. ಬೋರ್ಡೊ ನಗರದಲ್ಲಿ 530 ಮನೆಗಳಿದ್ದ ಮೂರು ಹಳೆಯ ವಸತಿ ಕಟ್ಟಡಗಳನ್ನು ಇವರು ಮತ್ತಿಬ್ಬರು ವಾಸ್ತುಶಿಲ್ಪಿಗಳ ಜೊತೆ ಸೇರಿ, ಜನರನ್ನು ಒಕ್ಕಲೆಬ್ಬಿಸದೆ ಸುಧಾರಿಸಿದರು. ಹೊರಗೋಡೆಗೆ ತಾಗಿಸಿ, ತನ್ನದೇ ಪಾಯದ ಮೇಲೆ ನಿಲ್ಲುವ ಹೊಸ ಚೌಕಟ್ಟು ಎಬ್ಬಿಸಿದರು. ಅದರಲ್ಲಿ ಪ್ರತಿ ಮನೆಗೂ ಗಾಜಿನ ಪಡಸಾಲೆ, ಬಾಲ್ಕನಿ. ಹಳೆಯ ಕಟ್ಟಡದ ಮೇಲೆ ಒಂದು ಕಿಲೋ ಭಾರವೂ ಬೀಳಲಿಲ್ಲ. ಅದು ವಸತಿ ಯೋಜನೆ, ಹಾಸ್ಪೈಸ್ ಅಲ್ಲ. ಆದರೆ ಮಂಚವನ್ನು ಹಾಗೇ ಹೊರಗೆ ತಳ್ಳಿಕೊಂಡು ಹೋಗಿ ಬಿಸಿಲಿಗೆ ನಿಲ್ಲಿಸಬಹುದಾದ ಪಡಸಾಲೆಗಿಂತ ಹಾಸ್ಪೈಸ್‌ಗೆ ಇನ್ನೇನು ಬೇಕು? ಶೆಕೆಗಾಲದಲ್ಲಿ ನೆರಳು, ಚಳಿಗಾಲದಲ್ಲಿ ಬೆಚ್ಚನೆಯ ಪದರ, ಎರಡೂ ಅದರಿಂದಲೇ ಸಿಗುತ್ತದೆ.

ಮಂಚದ ದಾರಿ

ಕಟ್ಟಡ ನೋಡಲು ಹೋದವರು ಮೊದಲು ಮುಂಭಾಗದ ಅಂದ ನೋಡುತ್ತಾರೆ. ನೋಡಬೇಕಾದ್ದು ಮಂಚದ ದಾರಿಯನ್ನು.

ಆಸ್ಪತ್ರೆ ಮಂಚ ಸುಮಾರು 1 ಮೀಟರ್ ಅಗಲ, 2.2 ಮೀಟರ್ ಉದ್ದ ಇರುತ್ತದೆ. ಅದನ್ನು ತಳ್ಳುವವರು ಇಬ್ಬರು. ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ? ಅಲ್ಲಿಂದ ಬಾಗಿಲಿಗೆ ಮೆಟ್ಟಿಲಿದೆಯಾ, ಹೊಸ್ತಿಲಿದೆಯಾ? ನಂತರ ಲಿಫ್ಟ್. ಎಂಟು ಜನರ ಸಾಮಾನ್ಯ ಲಿಫ್ಟ್‌ನ ಒಳಗಿನ ಅಳತೆ 1.1 ಮೀಟರ್‌ಗೆ 1.4 ಮೀಟರ್. ಗಾಲಿಕುರ್ಚಿ ಹೋಗುತ್ತದೆ, ಮಂಚ ಹೋಗುವುದಿಲ್ಲ. ಮಂಚಕ್ಕೆ 1.4 ಮೀಟರ್ ಅಗಲ, 2.4 ಮೀಟರ್ ಆಳದ ಲಿಫ್ಟ್ ಬೇಕು. ಲಿಫ್ಟ್ ಓಡಾಡುವ ಹಳೆಯ ಶಾಫ್ಟ್ ಅಗಲಿಸಲು ಹೋದರೆ ಪ್ರತಿ ಮಹಡಿಯ ಸ್ಲ್ಯಾಬ್ ಕತ್ತರಿಸಬೇಕು. ಹಿಂದಿನ ಗೋಡೆಗೆ ತಾಗಿಸಿ ಹೊರಗಡೆ ಹೊಸ ಲಿಫ್ಟ್ ಗೋಪುರ ನಿಲ್ಲಿಸುವುದು ಎಷ್ಟೋ ವಾಸಿ. ಆಮೇಲೆ ಕಾರಿಡಾರ್. ಮಂಚಗಳು ಓಡಾಡುವ ಆಸ್ಪತ್ರೆ ಕಾರಿಡಾರ್‌ಗೆ ಬ್ರಿಟನ್‌ನಲ್ಲಿ ಸುಮಾರು 2.15 ಮೀಟರ್, ಅಮೆರಿಕದಲ್ಲಿ 8 ಅಡಿ ಅಗಲ ಕೇಳುತ್ತಾರೆ. ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 1.2ರಿಂದ 1.5 ಮೀಟರ್. ಕೊನೆಯದು ಕೋಣೆಯೊಳಗಿನ ತಿರುವು. ಬಾಗಿಲು 1.2 ಮೀಟರ್ ಇದ್ದರೂ ಎದುರಿನ ಗೋಡೆ ಹತ್ತಿರವಿದ್ದರೆ ಮಂಚ ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ.

ನಕ್ಷೆಯಲ್ಲಿ ಇದೆಲ್ಲ ಸರಿಯಾಗಿಯೇ ಕಾಣುತ್ತದೆ. ಕಟ್ಟಡ ಕೊಳ್ಳುವ ಮೊದಲು ಒಂದು ನಿಜವಾದ ಮಂಚ ತರಿಸಿ, ಬೀದಿಯಿಂದ ಕೋಣೆಯವರೆಗೆ ತಳ್ಳಿ ನೋಡುವುದಕ್ಕೆ ಅರ್ಧ ದಿನ ಸಾಕು. ಯಾವ ವರದಿಯೂ ಹೇಳದ್ದನ್ನು ಅದು ಹೇಳುತ್ತದೆ.

ಇದೇ ದಾರಿಯಲ್ಲಿ ದೇಹವೂ ವಾಪಸ್ ಹೋಗಬೇಕು. ಇದನ್ನು ಯೋಚಿಸದ ಕಟ್ಟಡಗಳಲ್ಲಿ ಶವ ಸರಕಿನ ಲಿಫ್ಟ್‌ನಲ್ಲಿ ಇಳಿದು, ಕಸದ ಡಬ್ಬಿಗಳ ಪಕ್ಕದಿಂದ ಹೊರಹೋಗುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಒಂದು ವಿಕ್ಟೋರಿಯನ್ ಕಾಲದ ಮನೆಯಲ್ಲಿ ನಡೆಯುತ್ತಿದ್ದ ಝೆನ್ ಹಾಸ್ಪೈಸ್‌ನಲ್ಲಿ ದೇಹವನ್ನು ತೋಟದ ಮೂಲಕ ಒಯ್ಯುತ್ತಿದ್ದರು. ನಡುವೆ ನಿಲ್ಲಿಸಿ, ಮನೆಯವರು, ನರ್ಸ್‌ಗಳು, ಅಲ್ಲಿದ್ದ ಉಳಿದವರು ನೆನಪು ಹೇಳಿಕೊಂಡು ಹೂವಿನ ಎಸಳು ಹಾಕುತ್ತಿದ್ದರು. ಮಂಚ ಸಲೀಸಾಗಿ ಉರುಳುವಂತೆ ತೋಟದ ದಾರಿ ಸಮತಟ್ಟಾಗಿರಬೇಕು ಅನ್ನುವುದು ಇಲ್ಲಿ ವಾಸ್ತುಶಿಲ್ಪದ ಕೆಲಸ.

ಯಾವ ಕಟ್ಟಡ ಒದಗುತ್ತದೆ?

ನನ್ನ ಓಟು ಮೊದಲು ವಸತಿ ಹೋಟೆಲ್‌ಗಳಿಗೆ. ಪ್ರತಿ ಕೋಣೆಗೂ ಬಚ್ಚಲುಮನೆ ಇದೆ. ನೀರು, ಕೊಳಚೆ ಪೈಪುಗಳು ಮಹಡಿಯಿಂದ ಮಹಡಿಗೆ ನೇರವಾಗಿ ಇಳಿದಿವೆ. ಅಡುಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ ಮೊದಲೇ ಇದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಹೋಮ್‌ಕೀ ಎಂಬ ಯೋಜನೆ ತಂದು ಮನೆಯಿಲ್ಲದವರಿಗಾಗಿ ಹೋಟೆಲ್, ಮೋಟೆಲ್‌ಗಳನ್ನು ಕೊಳ್ಳಲು ಹಣ ಕೊಟ್ಟಿತು. ಇಂಥ ಕಟ್ಟಡ ಎಷ್ಟು ಬೇಗ ಕೈ ಬದಲಿಸಿ ಬೇರೆ ಕೆಲಸಕ್ಕೆ ಬರಬಹುದು ಅನ್ನುವುದು ಅಲ್ಲಿ ಗೊತ್ತಾಯಿತು. ತೊಂದರೆ ಇರುವುದು ಬಚ್ಚಲುಮನೆಯ ಗಾತ್ರದಲ್ಲಿ. ಕೂರಿಸಿ ಸ್ನಾನ ಮಾಡಿಸುವ ಕುರ್ಚಿ ಮತ್ತು ಒಬ್ಬ ಸಹಾಯಕರು ಒಟ್ಟಿಗೆ ಹಿಡಿಸುವಷ್ಟು ಜಾಗ ಅಲ್ಲಿ ಇರುವುದಿಲ್ಲ. ಮೂರು ಕೋಣೆಗಳನ್ನು ಎರಡು ಮಾಡಿದರೆ ಇದು ಬಗೆಹರಿಯುತ್ತದೆ.

ಎರಡನೆಯದು ಹಳೆಯ ಶಾಲೆ. ಎತ್ತರದ ಚಾವಣಿ, ದೊಡ್ಡ ಕಿಟಕಿ, ಅಗಲವಾದ ಕಾರಿಡಾರ್, ಕಡಿಮೆ ಮಹಡಿ, ಮುಂದೆ ಮೈದಾನ. ಇಲ್ಲದ್ದು ಬಚ್ಚಲುಮನೆ ಮಾತ್ರ.

ಆಫೀಸ್ ಕಟ್ಟಡದ ವಿಷಯ ಬೇರೆ. ಅದರ ನೆಲ ವಾರ್ಡ್‌ಗೆ ಬೇಕಾದ್ದಕ್ಕಿಂತ ಗಟ್ಟಿ. ವಾರ್ಡ್‌ಗೆ ಚದರ ಮೀಟರ್‌ಗೆ ಸುಮಾರು 200 ಕಿಲೋ ಲೆಕ್ಕ ಹಿಡಿದರೆ ಆಫೀಸ್‌ಗೆ 250 ಅಥವಾ ಅದಕ್ಕೂ ಜಾಸ್ತಿ ಹಿಡಿದಿರುತ್ತಾರೆ. ಆದರೆ ಕಟ್ಟಡ ತುಂಬಾ ದಪ್ಪ. ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಸರಿಯಾಗಿ ಬರುತ್ತದೆ. ಮೇಲಂಚು 2.7 ಮೀಟರ್ ಎತ್ತರದಲ್ಲಿರುವ ಕಿಟಕಿಗೆ ಐದೂವರೆಯಿಂದ ಆರೂಮುಕ್ಕಾಲು ಮೀಟರ್. 30 ಮೀಟರ್ ಅಗಲದ ಕಟ್ಟಡದಲ್ಲಿ ನಡುವಿನ ಅರ್ಧಕ್ಕೂ ಹೆಚ್ಚು ಜಾಗ ಕತ್ತಲು. ಅಲ್ಲಿ ಸ್ಟೋರ್, ಔಷಧಿ ಕೋಣೆ, ನರ್ಸ್‌ಗಳ ಕೋಣೆ ಹಾಕಿಬಿಡೋಣ ಅನ್ನುತ್ತಾರೆ. ಹಾಗಾದರೆ ದಿನವಿಡೀ ಸಾವಿನ ಹತ್ತಿರ ಕೆಲಸ ಮಾಡುವವರಿಗೆ ಬೆಳಕು ಬೇಡವಾ? ನಡುವೆ ಸ್ಲ್ಯಾಬ್ ಕತ್ತರಿಸಿ ಅಂಗಳ ತೆರೆಯುವುದು ದುಬಾರಿ. ಆದರೆ ಅದಿಲ್ಲದೆ ಆಫೀಸ್ ಕಟ್ಟಡಕ್ಕೆ ಕೈಹಾಕದಿರುವುದೇ ಮೇಲು. ಕೊಳಚೆ ಪೈಪಿನದ್ದೂ ಒಂದು ಲೆಕ್ಕವಿದೆ. ಆಫೀಸ್‌ನಲ್ಲಿ ಟಾಯ್ಲೆಟ್‌ಗಳೆಲ್ಲ ಒಂದೇ ಕಡೆ ಇರುತ್ತವೆ. ಪೈಪು 40ಕ್ಕೆ 1ರ ಇಳಿಜಾರಿನಲ್ಲಿ ಹೋಗಬೇಕಾದರೆ 12 ಮೀಟರ್ ದೂರದ ಕೋಣೆಗೆ 30 ಸೆಂಟಿಮೀಟರ್ ಇಳಿಯಬೇಕು. ಅಷ್ಟು ಜಾಗವನ್ನು ನೆಲದಲ್ಲೋ ಕೆಳಗಿನ ಮಹಡಿಯ ಚಾವಣಿಯಲ್ಲೋ ಹುಡುಕಬೇಕು.

ಮಾಲ್‌ಗಳನ್ನು ಬಿಟ್ಟುಬಿಡಿ. ಕಿಟಕಿಯೇ ಇಲ್ಲ.

ಮಲಗಿದವರ ಕಣ್ಣು

1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಗೆ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಆಸ್ಪತ್ರೆ ವಿನ್ಯಾಸದ ಯಾವ ಚರ್ಚೆಯಲ್ಲೂ ಇದರ ಹೆಸರು ಬಂದೇ ಬರುತ್ತದೆ. ಅಷ್ಟು ಸಣ್ಣ ಲೆಕ್ಕದ ಮೇಲೆ, ಅದೂ ಗುಣವಾಗಿ ಹೋಗುವವರ ಮೇಲೆ ಮಾಡಿದ್ದರ ಮೇಲೆ, ಇಷ್ಟು ಭಾರ ಹೇರಬಾರದು ಅನ್ನುವುದು ನಿಜ. ಆದರೂ ವಾರಗಟ್ಟಲೆ ಒಂದೇ ಕಡೆ ಮಲಗಿರುವವರಿಗೆ ಹೊರಗಡೆ ಕಾಣಬೇಕು ಅನ್ನುವುದಕ್ಕೆ ಅಧ್ಯಯನ ಯಾಕೆ ಬೇಕು?

ಸಮಸ್ಯೆ ಏನೆಂದರೆ ಕಿಟಕಿಗಳನ್ನು ಇಟ್ಟಿರುವುದು ನಿಂತವರಿಗೆ, ಕೂತವರಿಗೆ. ಕಿಟಕಿ ಕಟ್ಟೆ ಸಾಮಾನ್ಯವಾಗಿ ನೆಲದಿಂದ 90 ಸೆಂಟಿಮೀಟರ್ ಮೇಲಿರುತ್ತದೆ. ಮಲಗಿದವರಿಗೆ ಆಕಾಶದ ಒಂದು ತುಂಡು ಕಂಡರೆ ಹೆಚ್ಚು. ಹಳೆಯ ಕಟ್ಟಡದಲ್ಲಿ ಇದನ್ನು ಸರಿಪಡಿಸುವುದು ಸುಲಭ. ಕಿಟಕಿಯ ಅಗಲ ಬದಲಿಸದೆ ಕೆಳಗಿನ ಗೋಡೆಯನ್ನಷ್ಟೇ ತೆಗೆದು ಕಟ್ಟೆಯನ್ನು 45–50 ಸೆಂಟಿಮೀಟರ್‌ಗೆ ಇಳಿಸಿದರೆ ಮೇಲಿನ ಲಿಂಟೆಲ್ ಮುಟ್ಟಬೇಕಾಗಿಲ್ಲ. ಭಾರ ಹೊರುತ್ತಿರುವುದು ಅದು, ಕೆಳಗಿನ ಗೋಡೆಯಲ್ಲ. ಮಂಚವನ್ನು ಕಿಟಕಿಗೆ ಅಡ್ಡವಾಗಿ ಹಾಕಿದರೆ ಬೀದಿಯ ಮರ, ಓಡಾಡುವ ಜನ ಎಲ್ಲ ಕಾಣುತ್ತಾರೆ. ಹಾಗೆಯೇ ಚಾವಣಿಯ ಟ್ಯೂಬ್‌ಲೈಟ್ ತೆಗೆದು ಗೋಡೆಯ ಬದಿಯಿಂದ ಬೆಳಕು ಕೊಡಬೇಕು. ನಮಗೆ ಚಾವಣಿ ಅಂದರೆ ಚಾವಣಿ. ಅವರಿಗೆ ದಿನವಿಡೀ ಎದುರಿಗಿರುವ ಗೋಡೆಯೇ ಅದು.

ಕಿಟಕಿ ತೆರೆಯುವಂತೆಯೂ ಇರಬೇಕು. ಉಸಿರಾಟದ ತೊಂದರೆ ಇರುವವರಿಗೆ ಮುಖದ ಮೇಲೆ ಗಾಳಿ ಆಡಿದರೆ ಏದುಸಿರು ಕಡಿಮೆ ಅನ್ನಿಸುತ್ತದೆ. ಕೈಲಿ ಹಿಡಿಯುವ ಪುಟ್ಟ ಫ್ಯಾನ್ ಕೂಡ ಇದಕ್ಕೆ ಸಾಕು ಎಂದು ಪ್ರಯೋಗಗಳು ತೋರಿಸಿವೆ. ಸಹಜ ಗಾಳಿಯನ್ನೇ ನೆಚ್ಚಿಕೊಂಡ ವಾರ್ಡ್‌ನಲ್ಲಿ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಗಾಳಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ. ಅದೇ ಸಂಸ್ಥೆ ರಾತ್ರಿ ವಾರ್ಡ್‌ನೊಳಗೆ ಸದ್ದು 30 ಡೆಸಿಬೆಲ್ ದಾಟಬಾರದು ಎಂದೂ ಹೇಳುತ್ತದೆ. ನಗರದಲ್ಲಿ ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಕಿಟಕಿ ತೆರೆದರೆ ಬಸ್ಸಿನ ಸದ್ದು, ಮುಚ್ಚಿದರೆ ಉಸಿರು ಕಟ್ಟುತ್ತದೆ. ಕೋಣೆಗಳನ್ನು ಹಿಂಬದಿಗೆ ಹಾಕುವುದು ಮೊದಲ ಉಪಾಯ. ಬೀದಿಯ ಕಡೆಗೆ ಎರಡು ಕಿಟಕಿಗಳನ್ನು ಒಂದರ ಹಿಂದೊಂದು, ನಡುವೆ ಒಂದು ಗೇಣಿನಷ್ಟು ಜಾಗ ಬಿಟ್ಟು ಇಡಬಹುದು. ಹೊರಗಿನದನ್ನು ಕೆಳಗೆ, ಒಳಗಿನದನ್ನು ಮೇಲೆ ತೆರೆದರೆ ಗಾಳಿ ಸುತ್ತಿ ಬರುತ್ತದೆ, ಸದ್ದು ದಾರಿಯಲ್ಲೇ ಸಾಕಷ್ಟು ಕುಗ್ಗುತ್ತದೆ. ಯುರೋಪಿನ ಹಳೆಯ ಮನೆಗಳಲ್ಲಿ ಇಂಥ ಜೋಡಿ ಕಿಟಕಿಗಳು ಇದ್ದೇ ಇವೆ. ಅವನ್ನು ಕಿತ್ತು ಪ್ಲಾಸ್ಟಿಕ್ ಚೌಕಟ್ಟು ಹಾಕುವವರನ್ನು ಕಂಡರೆ ಸಂಕಟವಾಗುತ್ತದೆ.

ಬಣ್ಣ, ಅಂಟು, ಹೊಸ ನೆಲಹಾಸಿನ ವಾಸನೆಯನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಕ್ಯಾನ್ಸರ್ ರೋಗಿಗಳಲ್ಲಿ ಅನೇಕರಿಗೆ ವಾಸನೆಯಿಂದಲೇ ವಾಕರಿಕೆ ಬರುತ್ತದೆ. ಕೆಲಸ ಮುಗಿದ ಮೇಲೆ ಕಟ್ಟಡವನ್ನು ಕೆಲವು ವಾರ ಗಾಳಿಯಾಡಲು ಬಿಟ್ಟು ಆಮೇಲೆ ಬಾಗಿಲು ತೆರೆಯುವುದು ಒಳ್ಳೆಯದು.

ಬೆಂಕಿ, ನೀರು, ವಿದ್ಯುತ್

ಮಂಚದಲ್ಲಿರುವವರನ್ನು ಮೆಟ್ಟಿಲಲ್ಲಿ ಇಳಿಸಲು ಆಗುವುದಿಲ್ಲ. ಹಾಗಾಗಿ ಇಂಥ ಕಟ್ಟಡಗಳಲ್ಲಿ ಬೆಂಕಿ ಬಿದ್ದರೆ ಕೆಳಗೆ ಓಡುವುದಿಲ್ಲ, ಪಕ್ಕಕ್ಕೆ ಸರಿಯುತ್ತಾರೆ. ಅದೇ ಮಹಡಿಯಲ್ಲಿ ಬೆಂಕಿ ತಡೆಯುವ ಗೋಡೆ, ಬಾಗಿಲುಗಳಾಚೆ ಇನ್ನೊಂದು ಸುರಕ್ಷಿತ ಭಾಗ ಇರಬೇಕು. ಅಂದರೆ ಪ್ರತಿ ಮಹಡಿಯೂ ಕನಿಷ್ಠ ಎರಡು ಭಾಗ ಮಾಡುವಷ್ಟು ದೊಡ್ಡದಿರಬೇಕು. ಕಿರಿದಾದ, ಎತ್ತರದ, ಮರದ ನೆಲದ ಸುಂದರ ಹಳೆ ಮನೆಗಳು ಬಹಳಷ್ಟು ಸಲ ಸೋಲುವುದು ಇಲ್ಲೇ. ಅಂಥ ಕಟ್ಟಡದಲ್ಲಿ ಹಾಸಿಗೆಗಳನ್ನು ನೆಲಮಹಡಿಯಲ್ಲಷ್ಟೇ ಇಟ್ಟು, ಮೇಲೆ ಮನೆಮನೆಗೆ ಹೋಗುವ ಆರೈಕೆ ತಂಡದ ಆಫೀಸ್ ಮಾಡಬಹುದು. ಹೇಗಿದ್ದರೂ ಹಾಸ್ಪೈಸ್ ಆರೈಕೆಯ ದೊಡ್ಡ ಪಾಲು ರೋಗಿಯ ಮನೆಯಲ್ಲೇ ನಡೆಯುವಂಥದ್ದು. ಊರ ನಡುವೆ ಇದ್ದಷ್ಟೂ ಆ ತಂಡದ ಓಡಾಟ ಕಡಿಮೆ, ನೋಡಲು ಬರುವವರ ಓಡಾಟವೂ ಕಡಿಮೆ. ಊರಾಚೆ ಹತ್ತು ಎಕರೆಯಲ್ಲಿ ಕಟ್ಟಿದ 'ಹಸಿರು' ಹಾಸ್ಪೈಸ್ ಈ ಓಡಾಟದ ಪೆಟ್ರೋಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬಹುಕಾಲ ಖಾಲಿ ಇದ್ದ ಕಟ್ಟಡದ ಪೈಪುಗಳಲ್ಲಿ ನೀರು ನಿಂತಿರುತ್ತದೆ. 20ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತ ನೀರು ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಹಬ್ಬ. ನಿರೋಧಕ ಶಕ್ತಿ ಕುಂದಿದವರಿಗೆ ಇದು ಪ್ರಾಣಾಂತಿಕ ನ್ಯುಮೋನಿಯಾ ತರಬಲ್ಲದು. ಗೋಡೆ ಉಳಿಸಿ, ಪೈಪು ಉಳಿಸಬೇಡಿ. ಇಪ್ಪತ್ತನೇ ಶತಮಾನದ ಕಟ್ಟಡವಾದರೆ ಕಲ್ನಾರು (ಆಸ್ಬೆಸ್ಟಾಸ್), ಸೀಸದ ಬಣ್ಣ ಇದೆಯೇ ಎಂದು ಸುತ್ತಿಗೆ ಎತ್ತುವ ಮೊದಲೇ ಪರೀಕ್ಷೆ ಮಾಡಿಸಬೇಕು. ಚಾವಣಿಯ ಮೇಲೆ ತೋಟ ಬೇಕೆನ್ನುವವರು ಒಂದು ಲೆಕ್ಕ ನೆನಪಿಡಲಿ: 20 ಸೆಂಟಿಮೀಟರ್ ದಪ್ಪದ ನೆನೆದ ಮಣ್ಣು ಚದರ ಮೀಟರ್‌ಗೆ 300 ಕಿಲೋಗೂ ಜಾಸ್ತಿ ತೂಗುತ್ತದೆ. ಹಳೆಯ ಚಾವಣಿಗಳು ಹೊರುವುದು ಸಾಮಾನ್ಯವಾಗಿ ಅದರ ಅರ್ಧ.

ವಿದ್ಯುತ್ತಿನ ಲೆಕ್ಕ ಮಾತ್ರ ಅಂದುಕೊಂಡಷ್ಟು ಭಾರ ಇಲ್ಲ. ನಿಮಿಷಕ್ಕೆ 5 ಲೀಟರ್ ಆಮ್ಲಜನಕ ಕೊಡುವ ಕಾನ್ಸೆಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಹತ್ತು ಹಾಸಿಗೆಗೂ ಒಟ್ಟಿಗೆ ಓಡಿಸಿದರೂ 3.5 ಕಿಲೋವ್ಯಾಟ್. ಹತ್ತು ಗಂಟೆ ಕರೆಂಟ್ ಹೋದರೆ 35 ಯೂನಿಟ್. ಔಷಧಿ ಪಂಪುಗಳು ಬ್ಯಾಟರಿಯಲ್ಲಿ ಓಡುತ್ತವೆ, ಗಾಳಿ ಹಾಸಿಗೆಯ ಪಂಪಿಗೆ ಬೇಕಾದ್ದು ಅಲ್ಪ. ಸೋಲಾರ್ ಪ್ಯಾನೆಲ್ ಜೊತೆ ಬ್ಯಾಟರಿ ಇಟ್ಟರೆ ಡೀಸೆಲ್ ಜನರೇಟರ್ ಕೊನೆಯ ಆಸರೆಯಾಗಿ ಮೂಲೆಯಲ್ಲಿದ್ದರೆ ಸಾಕು. ಅದರ ಸದ್ದು, ಹೊಗೆ ಎರಡೂ ತಪ್ಪುತ್ತವೆ.

ಇನ್ನು ಕಾಗದಪತ್ರದ ಕೆಲಸ. ಕಾಯ್ದೆಯ ಪುಸ್ತಕದಲ್ಲಿ ಹಾಸ್ಪೈಸ್‌ಗೆ ತನ್ನದೇ ಕಂಡಿಕೆ ಇಲ್ಲದಿದ್ದರೆ ಅದನ್ನು ಆಸ್ಪತ್ರೆಯ ಸಾಲಿಗೆ ಸೇರಿಸುತ್ತಾರೆ. ಆಗ ಬೇಡದ ಗಾಳಿಯಂತ್ರ, ಬೇಡದ ಅನಿಲ ಪೈಪು, ಬೇಡದ ಪಾರ್ಕಿಂಗ್ ಎಲ್ಲ ಕೇಳುತ್ತಾರೆ. ಮನೆಯ ಸಾಲಿಗೆ ಸೇರಿಸಿದರೆ ಬೆಂಕಿಯ ನಿಯಮ ಸಡಿಲವಾಗಿಬಿಡುತ್ತದೆ. ಬೆಂಕಿ, ಲಿಫ್ಟ್, ನೀರಿನ ವಿಷಯದಲ್ಲಿ ಆಸ್ಪತ್ರೆಯಷ್ಟೇ ಬಿಗಿ, ಉಳಿದದ್ದರಲ್ಲಿ ಮನೆಯಷ್ಟು ಸಡಿಲ ಇರುವ ನಿಯಮ ಬೇಕು.

ಹಣದ ಮಾತಿಗೆ ಝೆನ್ ಹಾಸ್ಪೈಸ್ ಒಳ್ಳೆಯ ಉದಾಹರಣೆ. ಜಗತ್ತೆಲ್ಲ ಹೊಗಳಿದ ಆ ಮನೆಯ ಬಾಗಿಲು 2018ರಲ್ಲಿ ಹಣವಿಲ್ಲದೆ ಮುಚ್ಚಿತು. ಬೆರಳೆಣಿಕೆಯ ಹಾಸಿಗೆಗಳಿದ್ದರೂ ರಾತ್ರಿಗೆ ನರ್ಸ್ ಬೇಕೇ ಬೇಕು, ಹತ್ತಿಪ್ಪತ್ತು ಹಾಸಿಗೆಗಳಿದ್ದಾಗ ಆ ಸಂಬಳ ಹಂಚಿಹೋಗುತ್ತದೆ. ಕರೆಂಟ್ ಬಿಲ್ ಉಳಿಸಿದ ದುಡ್ಡಿನಲ್ಲಿ ನರ್ಸ್ ಸಂಬಳ ಹುಟ್ಟುವುದಿಲ್ಲ. ನಗರಾಡಳಿತಗಳು ನಿಜವಾಗಿ ನೆರವಾಗಬಹುದಾದ ಜಾಗ ಇದು. ತಮ್ಮದೇ ಖಾಲಿ ಶಾಲೆ, ಆಫೀಸ್‌ಗಳನ್ನು ಕಡಿಮೆ ಬಾಡಿಗೆಗೆ, 25–30 ವರ್ಷದ ಲೀಸ್‌ಗೆ ಕೊಡಬಹುದು. ಐದು ವರ್ಷದ ಕರಾರಿನ ಮೇಲೆ ಯಾವ ಬ್ಯಾಂಕೂ ಲಿಫ್ಟ್ ಗೋಪುರಕ್ಕೆ ಸಾಲ ಕೊಡುವುದಿಲ್ಲ. ಲಿಫ್ಟ್ ಇಲ್ಲದಿದ್ದರೆ ಮೇಲಿನ ಮಹಡಿಗಳಿಗೆ ಮಂಚ ಹತ್ತುವುದಿಲ್ಲ.